ವಿಮ್‌ನಲ್ಲಿ ಇಂಡೆಂಟ್ ಬದಲಿಸಲು ಮ್ಯಾಕ್ರೋ, ಮ್ಯಾಪಿಂಗ್, ಎಫ್‌ಟಿಪ್ಲಗಿನ್, ಎಡಿಟರ್‌ಕಾನ್ಫಿಗ್: ಯಾವುದು ಎಲ್ಲಿಗೆ?

ಇಂಡೆಂಟ್ ಎಂದರೆ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ. ಏನೂ ಹೊಂದಿಸದ ವಿಮ್ ಎಡಿಟರ್‌ನಲ್ಲಿ ಟ್ಯಾಬ್‌ಸ್ಟಾಪ್ (ಟ್ಯಾಬ್ ಅಕ್ಷರದ ಅಗಲ) 8, ಶಿಫ್ಟ್‌ವಿಡ್ತ್ (ಸಾಲನ್ನು ಒಂದು ಹಂತ ಸರಿಸುವ ಅಳತೆ) 8, ಎಕ್ಸ್‌ಪ್ಯಾಂಡ್‌ಟ್ಯಾಬ್ (ಟ್ಯಾಬ್ ಬದಲು ಸ್ಪೇಸ್ ಹಾಕುವ ಸೆಟ್ಟಿಂಗ್) ಆಫ್. ಪೈಥಾನ್‌ಗೆ 4 ಸ್ಪೇಸ್ ಬೇಕು, ಯಾಮಲ್‌ನಲ್ಲಿ ಸಾಮಾನ್ಯವಾಗಿ 2, ಮೇಕ್‌ಫೈಲ್‌ಗೆ ಟ್ಯಾಬ್ ಅಕ್ಷರವೇ ಆಗಬೇಕು. ಈ ಮೂರೂ ಬಗೆಯ ಫೈಲುಗಳ ಮೇಲೆ ನಾಲ್ಕೂ ವಿಧಾನಗಳನ್ನು ಬಳಸಿ ನೋಡಿ ಬರೆದ ಹೋಲಿಕೆ ಇದು.

ಇಲ್ಲಿ ಎರಡು ಬೇರೆಬೇರೆ ಕೆಲಸಗಳಿವೆ. ಮುಂದೆ ಬರೆಯುವ ಸಾಲುಗಳು ಹೇಗಿರಬೇಕೆಂದು ಎಡಿಟರ್‌ಗೆ ಹೇಳುವುದು ಒಂದು, ಈಗಾಗಲೇ ಇರುವ ಸಾಲುಗಳನ್ನು ಹೊಸ ಅಳತೆಗೆ ತರುವುದು ಇನ್ನೊಂದು. ಮ್ಯಾಕ್ರೋ, ಅಂದರೆ ರೆಕಾರ್ಡ್ ಮಾಡಿಟ್ಟು ಮತ್ತೆ ಓಡಿಸುವ ಕೀಗಳ ಸರಣಿ, ಎರಡನೆಯದಕ್ಕೆ ತುಂಬಾ ಚೆನ್ನ, ಮೊದಲನೆಯದಕ್ಕೆ ಸಾಲದು. ಅದನ್ನು ಬೈಯುವವರಲ್ಲಿ ಹೆಚ್ಚಿನವರು ಮೊದಲನೆಯ ಕೆಲಸಕ್ಕೆ ಅದನ್ನು ಹಚ್ಚಿದವರು.

ಯಾವ ವಿಧಾನ ಹಿಡಿದರೂ ಮೊದಲು ವಿಮ್‌ನ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿಯಲ್ಲಿ ಎರಡು ಸಾಲು ಹಾಕಿಕೊಳ್ಳಿ: ಶಿಫ್ಟ್‌ವಿಡ್ತ್ 0, ಸಾಫ್ಟ್‌ಟ್ಯಾಬ್‌ಸ್ಟಾಪ್ ಮೈನಸ್ 1. ಶಿಫ್ಟ್‌ವಿಡ್ತ್ 0 ಇದ್ದರೆ ಅದು ಟ್ಯಾಬ್‌ಸ್ಟಾಪ್‌ನ ಬೆಲೆಯನ್ನೇ ತೆಗೆದುಕೊಳ್ಳುತ್ತದೆ. ಟ್ಯಾಬ್ ಕೀ ಒತ್ತಿದಾಗಿನ ಅಳತೆಯಾದ ಸಾಫ್ಟ್‌ಟ್ಯಾಬ್‌ಸ್ಟಾಪ್ ಋಣ ಸಂಖ್ಯೆಯಾದರೆ ಶಿಫ್ಟ್‌ವಿಡ್ತ್ ಅನ್ನು ಅನುಸರಿಸುತ್ತದೆ. ಆಮೇಲೆ ಟ್ಯಾಬ್‌ಸ್ಟಾಪ್ ಒಂದನ್ನು ಬದಲಿಸಿದರೆ ಸಾಕು. ಟ್ಯಾಬ್ ಕೀ ಒತ್ತಿದರೆ 4, ಸಾಲು ಸರಿಸಿದರೆ 8 ಎನ್ನುವ ಗೊಂದಲ ಅಲ್ಲಿಗೇ ನಿಲ್ಲುತ್ತದೆ.

ಈಗ ಮ್ಯಾಕ್ರೋ. 4 ಸ್ಪೇಸ್‌ನ ಫೈಲನ್ನು 2ಕ್ಕೆ ಇಳಿಸಬೇಕು ಎಂದುಕೊಳ್ಳಿ. ನಾರ್ಮಲ್ ಮೋಡ್‌ನಲ್ಲಿ ಕ್ಯೂ, ಟಿ ಒತ್ತಿದರೆ ‘ಟಿ’ ರಿಜಿಸ್ಟರ್‌ಗೆ (ವಿಮ್ ಪಠ್ಯ ಇಟ್ಟುಕೊಳ್ಳುವ ಜಾಗ) ರೆಕಾರ್ಡಿಂಗ್ ಶುರು. ಕೋಲನ್ ಒತ್ತಿ ಸೆಟ್‌ಲೋಕಲ್ (ಈ ಫೈಲಿಗೆ ಮಾತ್ರ ಸೆಟ್ಟಿಂಗ್ ಕೊಡುವ ಆದೇಶ) ಮೂಲಕ ಟ್ಯಾಬ್‌ಸ್ಟಾಪ್ 4 ಮತ್ತು ನೋಎಕ್ಸ್‌ಪ್ಯಾಂಡ್‌ಟ್ಯಾಬ್ ಕೊಡಿ. ನಂತರ ರೀಟ್ಯಾಬ್, ಆಶ್ಚರ್ಯ ಚಿಹ್ನೆ ಸಮೇತ. ಮತ್ತೆ ಸೆಟ್‌ಲೋಕಲ್: ಟ್ಯಾಬ್‌ಸ್ಟಾಪ್ 2, ಎಕ್ಸ್‌ಪ್ಯಾಂಡ್‌ಟ್ಯಾಬ್. ಕೊನೆಗೆ ಚಿಹ್ನೆಯಿಲ್ಲದ ರೀಟ್ಯಾಬ್, ಕ್ಯೂ ಒತ್ತಿ ಮುಗಿಸಿ. ಮುಂದಿನ ಫೈಲಿನಲ್ಲಿ ಆಟ್ ಚಿಹ್ನೆ ಮತ್ತು ಟಿ ಒತ್ತಿದರೆ ಆಯಿತು. ಮೊದಲ ರೀಟ್ಯಾಬ್ ಪ್ರತಿ 4 ಸ್ಪೇಸನ್ನು ಒಂದು ಟ್ಯಾಬ್ ಮಾಡುತ್ತದೆ, ಎರಡನೆಯದು ಆ ಟ್ಯಾಬನ್ನು 2 ಸ್ಪೇಸ್ ಆಗಿ ಬಿಡಿಸುತ್ತದೆ. ಆಶ್ಚರ್ಯ ಚಿಹ್ನೆ ಮರೆತರೆ ಬರೀ ಸ್ಪೇಸ್‌ಗಳಿರುವ ಫೈಲಿನಲ್ಲಿ ಏನೂ ಆಗುವುದಿಲ್ಲ.

ಕೆಡುವುದು ಎಲ್ಲಿ? ರೀಟ್ಯಾಬ್ ಸಾಲಿನ ಆರಂಭವನ್ನಷ್ಟೇ ನೋಡುವುದಿಲ್ಲ. ಸ್ಟ್ರಿಂಗ್ ಒಳಗಿನ, ಕಾಮೆಂಟ್‌ಗೆ ಮೊದಲಿರುವ ಸಾಲುಸಾಲು ಸ್ಪೇಸ್‌ಗಳೂ ಟ್ಯಾಬ್ ಆಗಿ, ಮರಳಿ ಬರುವಾಗ ಎಣಿಕೆ ತಪ್ಪಬಹುದು. ಆವರಣಕ್ಕೆ ಹೊಂದಿಸಿ 6 ಸ್ಪೇಸ್ ಒಳಗಿಟ್ಟ ಸಾಲು ಒಂದು ಟ್ಯಾಬ್ ಮತ್ತು 2 ಸ್ಪೇಸ್ ಆಗಿ, ಕೊನೆಗೆ 4ಕ್ಕೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಒಂದೇ ಫೈಲಿನ ಮೇಲೆ ಮ್ಯಾಕ್ರೋವನ್ನು ಎರಡು ಸಲ ಓಡಿಸುವುದು. ಮೊದಲ ಓಟದ ನಂತರ ಹಂತಗಳು 2, 4, 6 ಸ್ಪೇಸ್‌ನಲ್ಲಿರುತ್ತವೆ. ಎರಡನೆಯ ಓಟದಲ್ಲಿ 2 ಹಾಗೇ ಉಳಿಯುತ್ತದೆ, 4 ಹೋಗಿ 2 ಆಗುತ್ತದೆ, 6 ಹೋಗಿ 4. ಮೊದಲ ಎರಡು ಹಂತಗಳು ಒಂದೇ ಆಗಿಬಿಡುತ್ತವೆ. ಪೈಥಾನ್‌ನಲ್ಲಿ ಅದು ಅರ್ಥವನ್ನೇ ಬದಲಿಸುತ್ತದೆ. ಅನ್‌ಡೂ ಮಾಡಿದರೆ ಪಠ್ಯ ಹಿಂದಿರುಗುತ್ತದೆ, ಸೆಟ್ಟಿಂಗ್ ಹಿಂದಿರುಗುವುದಿಲ್ಲ ಎಂಬುದೂ ನೆನಪಿರಲಿ. ಹೊಂದಿಸಿ ಬರೆದ ಸಾಲುಗಳು ಹೆಚ್ಚಿರುವ ಫೈಲಿಗೆ, ಸಾಲಿನ ಆರಂಭದ ಸ್ಪೇಸ್‌ಗಳನ್ನು ಮಾತ್ರ ಹಿಡಿದು ಅರ್ಧ ಮಾಡುವ ಸಬ್‌ಸ್ಟಿಟ್ಯೂಟ್ ಆದೇಶವನ್ನೇ ಮ್ಯಾಕ್ರೋದಲ್ಲಿಡುವುದು ಉತ್ತಮ. ಹಲವು ಸಾಲಿನ ಸ್ಟ್ರಿಂಗ್‌ಗಳನ್ನು ಅದೂ ಮುಟ್ಟುತ್ತದೆ, ಅವನ್ನು ಕಣ್ಣಿಂದಲೇ ನೋಡಬೇಕು.

ಮ್ಯಾಕ್ರೋ ಉಳಿಯುವುದು ಸಾಮಾನ್ಯ ರಿಜಿಸ್ಟರ್‌ನಲ್ಲಿ. ಅದೇ ಅಕ್ಷರಕ್ಕೆ ಏನಾದರೂ ಯಾಂಕ್ (ಕಾಪಿ) ಮಾಡಿದರೆ ಅಳಿಸಿಹೋಯಿತು. ಕಾಯಂ ಬೇಕಿದ್ದರೆ ವಿಮ್‌ಆರ್‌ಸಿಯಲ್ಲಿ ಲೆಟ್ ಬಳಸಿ ರಿಜಿಸ್ಟರ್‌ಗೆ ತುಂಬಿ, ಆದರೆ ಜೋಡಿ ಉದ್ಧರಣ ಚಿಹ್ನೆಯೊಳಗೆ. ಒಂಟಿ ಚಿಹ್ನೆಯಲ್ಲಿ ಎಂಟರ್ ಕೀಯ ಸಂಕೇತ ಬರೀ ಅಕ್ಷರಗಳಾಗಿ ಉಳಿಯುತ್ತದೆ. ಅನೇಕ ಫೈಲುಗಳ ಮೇಲೆ ಒಂದೇ ಆದೇಶ ಓಡಿಸಲು ಆರ್ಗ್‌ಡೂ ಇದೆ. ಮ್ಯಾಕ್ರೋ ಓಡಿಸುವ ನಾರ್ಮಲ್ ಆದೇಶವು ತನ್ನ ನಂತರದ ಪೈಪ್ ಚಿಹ್ನೆಯನ್ನೂ ತಾನೇ ನುಂಗುವುದರಿಂದ ಅದನ್ನು ಎಕ್ಸಿಕ್ಯೂಟ್ ಒಳಗೆ ಇಟ್ಟು, ಹೊರಗೆ ಪೈಪ್ ಹಾಕಿ ಸೇವ್ ಮಾಡುವ ಅಪ್‌ಡೇಟ್ ಬರೆಯಿರಿ. ಇಲ್ಲದಿದ್ದರೆ ಬದಲಾವಣೆ ಸೇವ್ ಆಗುವುದಿಲ್ಲ.

ಮ್ಯಾಪಿಂಗ್ ಎಂದರೆ ಒಂದು ಕೀಗೆ ಆದೇಶ ಕಟ್ಟಿಡುವುದು. ಅದರ ಜಾಗ ಚಿಕ್ಕದು: ಬೇರೆಯವರ ಕೋಡ್ ಓದುವಾಗ ಟ್ಯಾಬ್‌ನ ಅಗಲ 8, 4 ಎಂದು ಬದಲಿಸಿ ನೋಡಲು. ಪಠ್ಯವನ್ನು ಮುಟ್ಟದ ಕಾರಣ ಎಷ್ಟು ಸಲ ಒತ್ತಿದರೂ ಹಾನಿಯಿಲ್ಲ. ಎಕ್ಸ್‌ಪ್ಯಾಂಡ್‌ಟ್ಯಾಬ್‌ಗೂ ಒಂದು ಮ್ಯಾಪಿಂಗ್ ಇಟ್ಟುಕೊಳ್ಳಬಹುದು: ಹೆಸರಿನ ಕೊನೆಗೆ ಆಶ್ಚರ್ಯ ಚಿಹ್ನೆ ಹಾಕಿದರೆ ಆನ್ ಇದ್ದದ್ದು ಆಫ್, ಆಫ್ ಇದ್ದದ್ದು ಆನ್. ಅದೇ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಮತ್ತೊಮ್ಮೆ ಹೆಸರಿಸಿ, ಈಗಿನ ಸ್ಥಿತಿ ಕೆಳಗೆ ಕಾಣುತ್ತದೆ. ಸೆಟ್ ಬದಲು ಸೆಟ್‌ಲೋಕಲ್ ಎಂದೇ ಬರೆಯಬೇಕು. ಸೆಟ್ ಎಂದರೆ ಆಮೇಲೆ ತೆರೆಯುವ ಫೈಲುಗಳಿಗೂ ಅದೇ ಬೆಲೆ ಹರಿಯುತ್ತದೆ. ಯಾಮಲ್ ನೋಡಿ ಬಂದ ನಂತರ ಸಿ ಫೈಲಿನಲ್ಲಿ 2 ಸ್ಪೇಸ್ ಬರುವುದು ಇದರಿಂದ.

ಭಾಷೆಗೆ ತಕ್ಕ ಇಂಡೆಂಟ್ ತಾನಾಗಿ ಬರಬೇಕಾದರೆ ಆಫ್ಟರ್ ಫೋಲ್ಡರ್‌ನ ಎಫ್‌ಟಿಪ್ಲಗಿನ್, ಅಂದರೆ ಆ ಬಗೆಯ ಫೈಲು ತೆರೆದಾಗ ವಿಮ್ ಓಡಿಸುವ ಸ್ಕ್ರಿಪ್ಟ್. ಆಫ್ಟರ್ ಏಕೆಂದರೆ, ಅದು ಕೊನೆಗೆ ಓಡುತ್ತದೆ, ಫೈಲ್‌ಟೈಪ್ ಪ್ಲಗಿನ್ ಆನ್ ಇದ್ದಾಗ ವಿಮ್ ಜೊತೆ ಬರುವ ಪೈಥಾನ್ ಪ್ಲಗಿನ್ ತಾನೇ 4 ಹಾಕುತ್ತದೆ. ವಿಮ್‌ಆರ್‌ಸಿಯಲ್ಲಿ 2 ಬರೆದು ಪೈಥಾನ್‌ನಲ್ಲಿ ಏಕೆ 4 ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದೇ. ವಿಮ್‌ಆರ್‌ಸಿಯಲ್ಲೇ ಆಟೋಕಮಾಂಡ್ (ಫೈಲು ತೆರೆದಾಗ ತಾನಾಗಿ ಓಡುವ ಆದೇಶ) ಬರೆಯುವುದಾದರೆ ಗುಂಪು ಮಾಡಿ ಮೊದಲು ಖಾಲಿ ಮಾಡಿ. ಇಲ್ಲವಾದರೆ ವಿಮ್‌ಆರ್‌ಸಿಯನ್ನು ಮತ್ತೆ ಓದಿಸಿದಾಗಲೆಲ್ಲ ಅದೇ ಆಟೋಕಮಾಂಡ್ ಇನ್ನೊಂದು ಪದರ ಸೇರುತ್ತದೆ.

ತಂಡದ ಕೆಲಸಕ್ಕೆ ಎಡಿಟರ್‌ಕಾನ್ಫಿಗ್‌ಗೆ, ಅಂದರೆ ಹಲವು ಎಡಿಟರ್‌ಗಳು ಓದುವ ಇಂಡೆಂಟ್ ನಿಯಮಗಳ ಫೈಲಿಗೆ, ಸಾಟಿಯಿಲ್ಲ. ಕಾರಣ ಸರಳ: ಎಫ್‌ಟಿಪ್ಲಗಿನ್ ನಿಮ್ಮ ಯಂತ್ರದ್ದು, ಇದು ಕೋಡ್ ಜೊತೆ ಗಿಟ್‌ನಲ್ಲಿ ಹೋಗುತ್ತದೆ. ನಿಯೋವಿಮ್ 0.9ರಿಂದ ಇದು ಒಳಗೇ ಇದೆ, ವಿಮ್ 9.1ರಲ್ಲಿ ಪ್ಯಾಕ್‌ಆ್ಯಡ್ ಮೂಲಕ ಆನ್ ಮಾಡಬೇಕು. ವಿಎಸ್ ಕೋಡ್‌ಗೆ ಎಕ್ಸ್‌ಟೆನ್ಶನ್ ಬೇಕು. ಒಂದೇ ಫೈಲಿಗೆ ಎರಡು ವಿಭಾಗ ಹೊಂದಿದರೆ ಕೆಳಗಿನದೇ ಗೆಲ್ಲುತ್ತದೆ. ಹಾಗಾಗಿ ಎಲ್ಲಕ್ಕೂ ಅನ್ವಯಿಸುವ ನಕ್ಷತ್ರ ವಿಭಾಗ ಮೇಲೆ, ಮೇಕ್‌ಫೈಲ್ ವಿಭಾಗ ಕೆಳಗೆ. ತಿರುವುಮುರುವಾದರೆ ಮೇಕ್‌ಫೈಲಿಗೆ ಸ್ಪೇಸ್ ಬಿದ್ದು, ಮೇಕ್ ‘ಮಿಸ್ಸಿಂಗ್ ಸೆಪರೇಟರ್’ ಎಂದು ನಿಲ್ಲುತ್ತದೆ. ಮೇಲಿನ ಫೋಲ್ಡರ್‌ಗಳಲ್ಲಿ ಹುಡುಕುವುದನ್ನು ನಿಲ್ಲಿಸಲು ಎಲ್ಲ ವಿಭಾಗಗಳಿಗಿಂತ ಮೇಲೆ ರೂಟ್ ಟ್ರೂ ಬೇಕು. ಇರುವ ಸಾಲುಗಳ ಇಂಡೆಂಟ್ ಅನ್ನು ಇದು ಬದಲಿಸುವುದಿಲ್ಲ. ಅಲ್ಲಿ ಮತ್ತೆ ಮ್ಯಾಕ್ರೋ ಬೇಕು.

ಫೈಲಿನೊಳಗೇ ಸೆಟ್ಟಿಂಗ್ ಬರೆದಿಡುವ ಮೋಡ್‌ಲೈನ್ ನಮ್ಮ ಆಯ್ಕೆಯಲ್ಲ. ಮೊದಲ ಅಥವಾ ಕೊನೆಯ 5 ಸಾಲುಗಳಲ್ಲಿ ಇದ್ದರಷ್ಟೇ ಓದಿಸಿಕೊಳ್ಳುತ್ತದೆ, ರೂಟ್ ಬಳಕೆದಾರರಾಗಿ ತೆರೆದರೆ ಡೀಫಾಲ್ಟ್ ಆಗಿಯೇ ಆಫ್. 2019ರಲ್ಲಿ ಇದರ ಮೂಲಕ ಆದೇಶ ಓಡಿಸಬಹುದಾದ ಭದ್ರತಾ ದೋಷವೂ ಹೊರಬಂದಿತ್ತು, ವಿಮ್ 8.1.1365ರಲ್ಲಿ ಅದನ್ನು ಸರಿಪಡಿಸಿದರು.

ಇವು ಒಂದರ ಮೇಲೊಂದು ಬಿದ್ದು ಅಳತೆ ಏಕೆ ಹೀಗಿದೆ ಎಂದು ತಿಳಿಯದಾದಾಗ, ವರ್ಬೋಸ್ ಸೆಟ್ ಎಂದು ಬರೆದು ಟ್ಯಾಬ್‌ಸ್ಟಾಪ್ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕೊನೆಯದಾಗಿ ಬದಲಿಸಿದ ಫೈಲ್ ಯಾವುದೆಂದು ವಿಮ್ ತೋರಿಸುತ್ತದೆ. ಶಿಫ್ಟ್‌ವಿಡ್ತ್‌ಗೂ ಹಾಗೆಯೇ ಕೇಳಿ, ಏಕೆಂದರೆ ಎಫ್‌ಟಿಪ್ಲಗಿನ್ ನಿಮ್ಮ 0 ಅನ್ನು ಅಳಿಸಿ 4 ಇಟ್ಟಿರಬಹುದು. ಹಾಗಿದ್ದಾಗ ಮ್ಯಾಕ್ರೋ ಓಡಿ ಪಠ್ಯ 2ಕ್ಕೆ ಇಳಿದರೂ ಹೊಸ ಸಾಲುಗಳು 4ರಲ್ಲೇ ಬರುತ್ತವೆ. ಮ್ಯಾಕ್ರೋದ ಎರಡನೆಯ ಸೆಟ್‌ಲೋಕಲ್‌ಗೆ ಶಿಫ್ಟ್‌ವಿಡ್ತ್ 0, ಸಾಫ್ಟ್‌ಟ್ಯಾಬ್‌ಸ್ಟಾಪ್ ಮೈನಸ್ 1 ಸೇರಿಸಿದರೆ ಸರಿಹೋಗುತ್ತದೆ.