ಕಲಬುರಗಿಯ ಬೇಸಿಗೆಯಲ್ಲಿ ಕಾದ ಪ್ರೊಸೆಸರ್: ಪೇಸ್ಟ್, ಟವರ್ ಕೂಲರ್, ಲಿಕ್ವಿಡ್ ಕೂಲರ್, ವ್ಯಾಟ್ ಮಿತಿ

ಮದುವೆ ವಿಡಿಯೊ ಎಡಿಟಿಂಗ್ ಮಾಡುವವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬಿಡುವೇ ಇರುವುದಿಲ್ಲ. ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವುದೂ ಅದೇ ತಿಂಗಳುಗಳಲ್ಲಿ. ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಗಂಟೆಗಟ್ಟಲೆ ದುಡಿಸಬೇಕಾದ ಹೊತ್ತಿಗೇ ಕೋಣೆಯ ಗಾಳಿಯೂ ಕಾದು ಕೂತಿರುತ್ತದೆ. ಬೆಂಗಳೂರಿನವರೋ ವಿದೇಶದವರೋ ಮಾಡಿದ ಪ್ರೊಸೆಸರ್ ಕೂಲರ್ (ಪ್ರೊಸೆಸರ್‌ನ ಮೇಲೆ ಕೂತು ಅದರ ಶಾಖ ಹೊರಹಾಕುವ ಭಾಗ) ಪರೀಕ್ಷೆಗಳ ಅಂಕಿಗಳು ನಮ್ಮ ಕಡೆಗೆ ಹೊಂದದಿರುವುದು ಇದೇ ಕಾರಣಕ್ಕೆ. ಅವರ ಕೋಣೆ 22 ಡಿಗ್ರಿಯಲ್ಲಿದ್ದರೆ ನಮ್ಮದು 38ರಲ್ಲಿರುತ್ತದೆ. ಆ 16 ಡಿಗ್ರಿಯ ಅಂತರ ನೇರವಾಗಿ ಪ್ರೊಸೆಸರ್‌ನ ಉಷ್ಣಾಂಶಕ್ಕೆ ಸೇರಿಕೊಳ್ಳುತ್ತದೆ. ಹಾಗಾಗಿ ನಮ್ಮ ಊರಿನ ಮಧ್ಯಾಹ್ನದಲ್ಲಿ, ನನ್ನದೇ ಯಂತ್ರದ ಮೇಲೆ, ಸಿಗುವ ಉಪಾಯಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದೆ.

ಯಂತ್ರದ ಪ್ರೊಸೆಸರ್ 2020ರ ಇಂಟೆಲ್ ಕೋರ್ ಐ7-10700. ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕಗಳು; ಹದಿನಾರು ಥ್ರೆಡ್, ಅಂದರೆ ಏಕಕಾಲಕ್ಕೆ ಹದಿನಾರು ಕೆಲಸದ ಎಳೆಗಳು. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿದೆ. ಆದರೆ ಈ 65 ಎನ್ನುವುದು 2.9 ಗಿಗಾಹರ್ಟ್ಸ್‌ನ ಮೂಲ ವೇಗಕ್ಕೆ ಹೇಳಿದ ಮಾತು. ಇಂಟೆಲ್ ಲೆಕ್ಕದಲ್ಲಿಯೇ ಈ ಪ್ರೊಸೆಸರ್ 28 ಸೆಕೆಂಡುಗಳ ಮಟ್ಟಿಗೆ 224 ವ್ಯಾಟ್‌ವರೆಗೂ ಎಳೆಯಬಹುದು, ಆಮೇಲೆ 65ಕ್ಕೆ ಇಳಿಯಬೇಕು. ಎಷ್ಟೋ ಮದರ್‌ಬೋರ್ಡ್‌ಗಳು ಈ ಇಳಿಯುವ ನಿಯಮವನ್ನು ಕಾರ್ಖಾನೆಯಿಂದಲೇ ಸಡಿಲಿಸಿಕೊಂಡು ಬಂದಿರುತ್ತವೆ. ನನ್ನದರಲ್ಲಿ ಮಿತಿಯೇ ಇರಲಿಲ್ಲ. ಪೂರ್ತಿ ದುಡಿಮೆಯಲ್ಲಿ 150 ವ್ಯಾಟ್‌ನ ಆಸುಪಾಸು ಎಳೆಯಲು ನೋಡುತ್ತಿತ್ತು, ಅದರ ಮೇಲೆ ಕೂತಿದ್ದದ್ದು 65 ವ್ಯಾಟ್‌ಗೆಂದು ಕೊಟ್ಟ ಪುಟ್ಟ ಕೂಲರ್. ಕೆಲವೇ ಸೆಕೆಂಡುಗಳಲ್ಲಿ 100 ಡಿಗ್ರಿ ಮುಟ್ಟಿ, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು.

ಅಳತೆಯ ವಿಧಾನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಹೋಲಿಕೆಗಳು ಹಳಿ ತಪ್ಪುವುದು ಇಲ್ಲಿಯೇ. ಪ್ರೊಸೆಸರ್ 100ಕ್ಕೆ ತಾಗಿ ನಿಂತಿರುವಾಗ ನೀವು ಪೇಸ್ಟ್ (ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸಲು ಹಚ್ಚುವ ಲೇಪ) ಬದಲಿಸಿ, ಫ್ಯಾನ್ ಬದಲಿಸಿ, ತೆರೆಯ ಮೇಲೆ ಮತ್ತೆ 100 ಡಿಗ್ರಿಯೇ ಕಾಣಿಸುತ್ತದೆ. ಸುಧಾರಣೆ ಆಗಿಲ್ಲವೆಂದಲ್ಲ, ಸಿಕ್ಕ ತಂಪನ್ನೆಲ್ಲ ಪ್ರೊಸೆಸರ್ ಇನ್ನಷ್ಟು ವೇಗಕ್ಕೆ ಖರ್ಚು ಮಾಡಿಬಿಟ್ಟಿರುತ್ತದೆ. ಆದ್ದರಿಂದ ಉಷ್ಣಾಂಶದ ಜೊತೆಗೆ ವ್ಯಾಟ್ ಮತ್ತು ಗಡಿಯಾರದ ವೇಗವನ್ನೂ, ಅಂದರೆ ಗಿಗಾಹರ್ಟ್ಸ್‌ನಲ್ಲಿ ಹೇಳುವ ಪ್ರೊಸೆಸರ್‌ನ ವೇಗವನ್ನೂ, ನೋಡಲೇಬೇಕು. ಉಚಿತವಾಗಿ ಸಿಗುವ ಎಚ್‌ಡಬ್ಲ್ಯೂ ಇನ್ಫೋ ತಂತ್ರಾಂಶ ಮೂರನ್ನೂ ಒಂದೇ ಕಡೆ ತೋರಿಸುತ್ತದೆ. ನಾನು ಪ್ರತಿ ಉಪಾಯವನ್ನೂ ಎರಡು ಬಗೆಯಲ್ಲಿ ಅಳೆದೆ: ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ತೆರೆ) 65 ವ್ಯಾಟ್‌ಗೆ ಕಟ್ಟಿಹಾಕಿ ಒಮ್ಮೆ, ಮಿತಿ ತೆಗೆದು ಒಮ್ಮೆ. ಹೊರೆಗೆ ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ತಂತ್ರಾಂಶವಾದ ಸಿನೆಬೆಂಚ್ ಆರ್23ರ ಹತ್ತು ನಿಮಿಷದ ಪರೀಕ್ಷೆ. ಕ್ಯಾಬಿನೆಟ್‌ನ ಮುಂದೆ, ಗಾಳಿ ಒಳಗೆ ಹೋಗುವ ಜಾಗದಲ್ಲಿ ಒಂದು ಥರ್ಮಾಮೀಟರ್ ಇಟ್ಟು, ಅದು 38ರ ಹತ್ತಿರ ಇದ್ದಾಗ ಮಾತ್ರ ಪರೀಕ್ಷೆ ನಡೆಸಿದೆ. ಬೆಳಗಿನ ಜಾವದ ಅಳತೆಯನ್ನು ಮಧ್ಯಾಹ್ನದ ಅಳತೆಯೊಂದಿಗೆ ಹೋಲಿಸಿದರೆ ಎರಡು ಕೂಲರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಎರಡು ಹೊತ್ತುಗಳ ನಡುವಿನ ವ್ಯತ್ಯಾಸವೇ ದೊಡ್ಡದಾಗಿ ಕಾಣುತ್ತದೆ.

ಏನೂ ಬದಲಿಸದೆ ಇದ್ದಾಗಿನ ಅಳತೆ: ಮಿತಿ ಇಲ್ಲದೆ 100 ಡಿಗ್ರಿ, ವೇಗ 3.5 ಗಿಗಾಹರ್ಟ್ಸ್‌ನ ಸುತ್ತ ತುಯ್ದಾಡುತ್ತಿತ್ತು, ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. 65 ವ್ಯಾಟ್‌ಗೆ ಕಟ್ಟಿದಾಗ 90ಕ್ಕಿಂತ ಒಂದೆರಡು ಡಿಗ್ರಿ ಮೇಲೆ.

ಮೊದಲು ಧೂಳು ಮತ್ತು ಜಾಗ. ನಮ್ಮ ಕಡೆಯ ಮಣ್ಣಿನ ಧೂಳು ನುಣುಪು, ಕೂಲರ್‌ನ ರೆಕ್ಕೆಗಳ ಬುಡದಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಸ್ವಚ್ಛಗೊಳಿಸಿದ್ದರಿಂದ ಮೂರು ನಾಲ್ಕು ಡಿಗ್ರಿ ಇಳಿಯಿತು. ಇದಕ್ಕಿಂತ ಹೆಚ್ಚು ಇಳಿದದ್ದು ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಮೇಜಿನ ಗೂಡಿನಿಂದ ಹೊರಗೆ ತೆಗೆದು ಇಟ್ಟಾಗ. ಮೂರು ಕಡೆ ಹಲಗೆ ಇರುವ ಆ ಗೂಡಿನಲ್ಲಿ ಯಂತ್ರ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಒಳಗೆಳೆದುಕೊಳ್ಳುತ್ತದೆ. ನಿಮ್ಮಲ್ಲಿಯೂ ತೊಂದರೆ ಗಾಳಿಯದೇ ಎಂದು ತಿಳಿಯಲು ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಅದೇ ಪರೀಕ್ಷೆ ನಡೆಸಿ. ಉಷ್ಣಾಂಶ ಗಮನಾರ್ಹವಾಗಿ ಇಳಿದರೆ ಹೊಸ ಕೂಲರ್‌ಗೆ ಹಣ ಸುರಿಯುವ ಮುನ್ನ ಗಾಳಿಯ ದಾರಿಯನ್ನು ಸರಿಪಡಿಸಬೇಕು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿರುವ ಕ್ಯಾಬಿನೆಟ್‌ಗಳನ್ನು ನಮ್ಮ ಊರಿನವರು ಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಣ್ಣದ ದೀಪಗಳು ಚೆನ್ನಾಗಿ ಕಾಣುತ್ತವೆ, ಗಾಳಿಗೆ ದಾರಿಯೇ ಇರುವುದಿಲ್ಲ.

ಪೇಸ್ಟ್. ಹಳೆಯದು ಒಣಗಿ ಅಂಚಿನಲ್ಲಿ ಪುಡಿಯಾಗುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ತೆಗೆದು ಆರ್ಕ್ಟಿಕ್ ಎಂಎಕ್ಸ್-4 ಹಚ್ಚಿದೆ. 65 ವ್ಯಾಟ್‌ನಲ್ಲಿ ಐದಾರು ಡಿಗ್ರಿ ಕಡಿಮೆಯಾಯಿತು. ಇದಕ್ಕಿಂತ ದುಬಾರಿಯಾದ ಇನ್ನೊಂದು ಪೇಸ್ಟ್ ಹಚ್ಚಿ ನೋಡಿದಾಗ ಮತ್ತೆ ಸಿಕ್ಕದ್ದು ಒಂದು ಡಿಗ್ರಿಯಷ್ಟು. ಅದು ಕೋಣೆಯ ಏರಿಳಿತವೂ ಆಗಿರಬಹುದು. ಒಣಗಿದ ಪೇಸ್ಟಿಗೂ ಹಸಿ ಪೇಸ್ಟಿಗೂ ಇರುವ ಅಂತರ ದೊಡ್ಡದು, ಒಳ್ಳೆಯ ಪೇಸ್ಟಿಗೂ ಅತ್ಯುತ್ತಮ ಪೇಸ್ಟಿಗೂ ಇರುವ ಅಂತರ ಚಿಕ್ಕದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದುಬಾರಿ ಟ್ಯೂಬನ್ನು ತೋರಿಸಿದರೆ ಧೈರ್ಯವಾಗಿ ಬೇಡ ಎನ್ನಿ.

ಪೇಸ್ಟಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಿಗೆ. ಇವುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಜೋಡಿಯಾಗಿ ಒತ್ತಬೇಕು. ಒಂದು ಪಿನ್ ಪೂರ್ತಿ ಕೂರದಿದ್ದರೂ ಕೂಲರ್ ಓರೆಯಾಗಿ ನಿಂತು ಒಂದು ಬದಿಯಲ್ಲಿ ಗಾಳಿಯ ಪದರ ಉಳಿಯುತ್ತದೆ. ಇದನ್ನು ಯಂತ್ರ ಬಿಚ್ಚದೆಯೇ ಗುರುತಿಸಬಹುದು: ಹೊರೆ ಬಿದ್ದ ಎರಡು ಮೂರು ಸೆಕೆಂಡಿನಲ್ಲಿ, ಅದೂ 65 ವ್ಯಾಟ್‌ನ ಮಿತಿಯಲ್ಲಿಯೇ, ಉಷ್ಣಾಂಶ ನೆಟ್ಟಗೆ 95 ದಾಟಿದರೆ ಶಾಖ ಕೂಲರ್‌ಗೆ ತಲುಪುತ್ತಲೇ ಇಲ್ಲ, ಅಂದರೆ ಪಿನ್ ಅಥವಾ ಪೇಸ್ಟಿನ ತೊಂದರೆ. ಐದು, ಹತ್ತು ನಿಮಿಷಗಳಲ್ಲಿ ನಿಧಾನವಾಗಿ ಮೇಲೇರಿದರೆ ಶಾಖ ಕೂಲರ್‌ಗೆ ಬಂದಿದೆ, ಅಲ್ಲಿಂದ ಹೊರಗೆ ಹೋಗುತ್ತಿಲ್ಲ. ಧೂಳು, ಫ್ಯಾನ್, ಗಾಳಿಯ ದಾರಿಯನ್ನು ನೋಡಬೇಕು. ದುರಸ್ತಿಗೆ ಬರುವ ಗೆಳೆಯರ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಈ ಏರಿಕೆಯ ಗೆರೆಯನ್ನೇ.

ಟವರ್ ಕೂಲರ್, ಅಂದರೆ ಗೋಪುರದಂತೆ ಎತ್ತರಕ್ಕೆ ನಿಲ್ಲುವ ಕೂಲರ್, ಹಾಕಿದ ಮೇಲೆ ಆಟವೇ ಬದಲಾಯಿತು. ನಾನು ತೆಗೆದುಕೊಂಡದ್ದು ಡೀಪ್‌ಕೂಲ್ ಎಜಿ400: ಶಾಖವನ್ನು ರೆಕ್ಕೆಗಳಿಗೆ ಒಯ್ಯುವ ನಾಲ್ಕು ಹೀಟ್ ಪೈಪ್, ಒಂದು 120 ಮಿಲಿಮೀಟರ್ ಫ್ಯಾನ್, ನಾನು ಕೊಂಡಾಗ ಬೆಲೆ ಎರಡು ಸಾವಿರ ರೂಪಾಯಿಯ ಆಜುಬಾಜು. ಎತ್ತರ 150 ಮಿಲಿಮೀಟರ್, ಆದ್ದರಿಂದ ಕೊಳ್ಳುವ ಮುನ್ನ ಕ್ಯಾಬಿನೆಟ್‌ನ ಅಗಲವನ್ನು ಅಳೆಯಲೇಬೇಕು. ತೆಳ್ಳಗಿನ ಕ್ಯಾಬಿನೆಟ್‌ಗಳಲ್ಲಿ ಮುಚ್ಚಳ ಕೂರುವುದಿಲ್ಲ. ಹಿಂಬದಿಗೆ ಪಟ್ಟಿ ಕೊಟ್ಟು ಸ್ಕ್ರೂ ಬಿಗಿಯುವುದರಿಂದ ಪ್ಲಾಸ್ಟಿಕ್ ಪಿನ್‌ನ ಚಿಂತೆ ಇಲ್ಲ. 65 ವ್ಯಾಟ್‌ನಲ್ಲಿ 60ರ ಆಸುಪಾಸಿಗೆ ಇಳಿಯಿತು. ಮಿತಿ ತೆಗೆದಾಗ 90ರ ಹತ್ತಿರ ನಿಂತಿತು, ಆದರೆ ಎಲ್ಲ ಕೋರ್‌ಗಳೂ 4.6 ಗಿಗಾಹರ್ಟ್ಸ್‌ನಲ್ಲಿಯೇ ಇದ್ದವು, ವೇಗ ಕುಸಿಯಲಿಲ್ಲ. ಸದ್ದಂತೂ ಅರ್ಧಕ್ಕರ್ಧ ಕಡಿಮೆ. ಕೊಟ್ಟ ಹಣಕ್ಕೆ ಸಿಕ್ಕ ಪ್ರಯೋಜನದ ಲೆಕ್ಕದಲ್ಲಿ ಇದರ ಹತ್ತಿರ ಬರುವ ಬೇರೆ ಯಂತ್ರಭಾಗ ನನಗೆ ಕಾಣಲಿಲ್ಲ.

ಲಿಕ್ವಿಡ್ ಕೂಲರ್ ಬಗ್ಗೆ ಎಲ್ಲರಿಗೂ ಆಸೆ. ಇದರಲ್ಲಿ ಪಂಪ್ ದ್ರವವನ್ನು ತಿರುಗಿಸುತ್ತದೆ, ಆ ದ್ರವ ಹೊತ್ತು ತಂದ ಶಾಖವನ್ನು ರೇಡಿಯೇಟರ್ ಹೊರಹಾಕುತ್ತದೆ. ಗೆಳೆಯರೊಬ್ಬರಿಂದ 240 ಮಿಲಿಮೀಟರ್ ರೇಡಿಯೇಟರ್‌ನದನ್ನು ಎರವಲು ತಂದು ಹಾಕಿದೆ. ಮಿತಿ ಇಲ್ಲದೆ 80ಕ್ಕಿಂತ ಸ್ವಲ್ಪ ಮೇಲೆ, ಅಂದರೆ ಟವರ್‌ಗಿಂತ ಎಂಟು ಹತ್ತು ಡಿಗ್ರಿ ಕಡಿಮೆ. 100 ವ್ಯಾಟ್‌ಗೆ ಕಟ್ಟಿದಾಗ ಎರಡರ ನಡುವೆ ಮೂರು ನಾಲ್ಕು ಡಿಗ್ರಿಯ ವ್ಯತ್ಯಾಸ ಮಾತ್ರ. ಇದಕ್ಕೆ ಟವರ್‌ನ ಮೂರು ಪಟ್ಟು ಬೆಲೆ ಕೊಡಬೇಕು. ಹಣಕ್ಕಿಂತಲೂ ನನ್ನನ್ನು ತಡೆಯುವುದು ಪಂಪ್. ಟವರ್ ಕೂಲರ್‌ನ ಫ್ಯಾನ್ ಕೆಟ್ಟರೆ ಯಾವ ಊರಿನಲ್ಲಿಯೂ ಸಂಜೆಯೊಳಗೆ ಬೇರೆ ಫ್ಯಾನ್ ಸಿಗುತ್ತದೆ. ಪಂಪ್ ನಿಂತರೆ ಇಡೀ ಕೂಲರ್ ಹೋದಂತೆ, ವಾರಂಟಿಯಲ್ಲಿ ಬದಲಿ ಬರುವವರೆಗೆ ಯಂತ್ರ ಮೂಲೆ ಸೇರುತ್ತದೆ. ಮದುವೆಯ ಕಾಲದಲ್ಲಿ ನಾನು ಇಂಥ ಅಪಾಯ ಮೈಮೇಲೆ ಎಳೆದುಕೊಳ್ಳಲಾರೆ. ರೇಡಿಯೇಟರ್‌ನ ಒತ್ತೊತ್ತಾದ ರೆಕ್ಕೆಗಳಲ್ಲಿ ಧೂಳು ಸಿಕ್ಕಿಕೊಳ್ಳುವುದೂ ಬೇಗ. ಇದರ ಮೇಲೂ ಹಾಕುವವರು ರೇಡಿಯೇಟರ್ ಅನ್ನು ಪಂಪ್‌ಗಿಂತ ಎತ್ತರದಲ್ಲಿರಿಸಿ. ಪಂಪ್ ಮೇಲಿದ್ದರೆ ಕೊಳವೆಯೊಳಗಿನ ಗಾಳಿಗುಳ್ಳೆಗಳು ಅದರಲ್ಲಿಯೇ ಹೋಗಿ ನಿಲ್ಲುತ್ತವೆ.

ಇನ್ನು ಒಂದು ಪೈಸೆ ಖರ್ಚಿಲ್ಲದ ಉಪಾಯ, ವ್ಯಾಟ್ ಮಿತಿ. ಬಯೋಸ್‌ನಲ್ಲಿ ದೀರ್ಘಾವಧಿ ಮತ್ತು ಅಲ್ಪಾವಧಿ ಎಂಬ ಎರಡು ವಿದ್ಯುತ್ ಮಿತಿಗಳಿರುತ್ತವೆ. ಎರಡಕ್ಕೂ 100 ಎಂದು ಬರೆದೆ. ಟವರ್ ಕೂಲರ್ ಮೇಲೆ ಉಷ್ಣಾಂಶ 73, 74ಕ್ಕೆ ಬಂತು. ವೇಗ 4.6ರಿಂದ 4 ಗಿಗಾಹರ್ಟ್ಸ್‌ನ ಸಮೀಪಕ್ಕೆ ಇಳಿಯಿತು. ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗ ಉಳಿದರೂ ಕೆಲಸದ ವೇಗದಲ್ಲಿ ಕಳೆದುಕೊಂಡದ್ದು ಅದರ ಅರ್ಧಕ್ಕಿಂತ ಕಡಿಮೆ. ಕಾರಣ ಸರಳ: ಗಡಿಯಾರದ ವೇಗ ಏರಿದಂತೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕೊನೆಯ ಅರ್ಧ ಗಿಗಾಹರ್ಟ್ಸ್‌ಗೆ ತೆರುವ ಬೆಲೆ ವಿಪರೀತ. ಹೊಸದೇನನ್ನೂ ಕೊಳ್ಳಲಾಗದವರು ಹಳೆಯ ಕೂಲರ್‌ನಲ್ಲಿಯೇ ಪೇಸ್ಟ್ ಬದಲಿಸಿ 65ಕ್ಕೆ ಕಟ್ಟಿದರೂ ಸಾಕು: ನನ್ನಲ್ಲಿ 80ರ ಕೆಳಗೆ ನಿಂತಿತು, ವೇಗ ಸುಮಾರು 3.4. ಮಿತಿ ಇಲ್ಲದೆ 100 ಡಿಗ್ರಿಯಲ್ಲಿ ಒದ್ದಾಡುತ್ತಿದ್ದಾಗ ಸಿಗುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ? ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಇರುವವರು ಬಯೋಸ್‌ನಲ್ಲಿ ಇಕೊ ಮೋಡ್ ಹುಡುಕಿ, ಕೆಲಸ ಇದೇ.

ಎಡಿಟ್ ಮುಗಿಸಿ ವಿಡಿಯೊವನ್ನು ಎಕ್ಸ್‌ಪೋರ್ಟ್ ಮಾಡುವಾಗ ಇಂಟೆಲ್‌ನ ಕ್ವಿಕ್ ಸಿಂಕ್ ಎಂಬ ಆಯ್ಕೆಯನ್ನು ಆರಿಸಿದರೆ ಹೊರೆಯ ದೊಡ್ಡ ಪಾಲು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಹೋಗಿ ಕೋರ್‌ಗಳು ತಂಪಾಗುತ್ತವೆ. ತುರ್ತಾಗಿ ಮೊಬೈಲ್‌ಗೆ ಕಳುಹಿಸುವ ತುಣುಕುಗಳಿಗೆ ನಾನೂ ಬಳಸುತ್ತೇನೆ. ಮನೆಯವರು ವರ್ಷಗಟ್ಟಲೆ ಇಟ್ಟುಕೊಳ್ಳುವ ಪೂರ್ತಿ ವಿಡಿಯೊಗೆ ಮಾತ್ರ ಬೇಡ. ಅದೇ ಗಾತ್ರದ ಫೈಲಿನಲ್ಲಿ ಸೀರೆಯ ಜರಿ, ಹೂವಿನ ಅಲಂಕಾರಗಳ ನವಿರು ಕೋರ್‌ಗಳಿಂದ ಮಾಡಿದ ಎನ್‌ಕೋಡಿಂಗ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ಕೆಲಸ) ಹೆಚ್ಚು ಉಳಿಯುತ್ತದೆ.

ಕೋಣೆಯನ್ನೇ ತಂಪಾಗಿಸುವುದು ಕೊನೆಯ ದಾರಿ. ನಮ್ಮಲ್ಲಿ ಮನೆಮನೆಗೂ ಏರ್ ಕೂಲರ್ ಇದೆ. ಒಣ ಬಿಸಿಲಿಗೆ ಅದು ಹೇಳಿ ಮಾಡಿಸಿದ್ದು. ಕಿಟಕಿಯಲ್ಲಿಟ್ಟರೆ ಕೋಣೆ ಏಳೆಂಟು ಡಿಗ್ರಿ ಇಳಿಯುತ್ತದೆ, ಪ್ರೊಸೆಸರ್ ಕೂಡ ಅಷ್ಟೇ ಇಳಿಯುತ್ತದೆ. ಮಂಗಳೂರಿನ ಕಡೆಯವರಿಗೆ ಇದರಿಂದ ಉಪಯೋಗವಿಲ್ಲ, ಅಲ್ಲಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಆವಿಯಾಗುವುದೇ ಕಡಿಮೆ. ಪ್ರೊಸೆಸರ್‌ನ ಮೇಲೆ ನೀರು ಕಟ್ಟುತ್ತದೆಂಬ ಭಯ ಬೇಡ, ಓಡುತ್ತಿರುವ ಯಂತ್ರ ಯಾವಾಗಲೂ ಸುತ್ತಲಿನ ಗಾಳಿಗಿಂತ ಬಿಸಿಯಾಗಿಯೇ ಇರುತ್ತದೆ. ಆದರೆ ಏರ್ ಕೂಲರ್‌ನ ಬಾಯಿ ನೇರವಾಗಿ ಕ್ಯಾಬಿನೆಟ್ ಕಡೆಗೆ ಇರಬಾರದು. ಹಳೆಯ ಹುಲ್ಲಿನ ಪ್ಯಾಡಿನಿಂದ ಸಿಡಿಯುವ ಬೋರ್‌ವೆಲ್ ನೀರಿನ ಹನಿಗಳಲ್ಲಿ ಉಪ್ಪಿರುತ್ತದೆ, ತೇವ ಹಿಡಿದ ಧೂಳು ರೆಕ್ಕೆಗಳಿಗೆ ಅಂಟಿದರೆ ಬ್ಲೋವರ್‌ಗೂ ಬಗ್ಗುವುದಿಲ್ಲ. ನಾನು ಯಂತ್ರವನ್ನು ಏರ್ ಕೂಲರ್ ಇರುವ ಗೋಡೆಗೇ ಒತ್ತಿಟ್ಟಿದ್ದೇನೆ, ತಂಗಾಳಿ ಕೋಣೆಯೆಲ್ಲ ಸುತ್ತಿಕೊಂಡು ಅದರ ಹತ್ತಿರ ಬರುತ್ತದೆ. ಮುಂಭಾಗದ ಜಾಲರಿಯನ್ನು ಬೇಸಿಗೆ ಮುಗಿಯುವವರೆಗೆ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ.