ಜಯನಗರದ ಒಂದು ಜಾಬ್ ಕನ್ಸಲ್ಟೆನ್ಸಿ: ಎರಡೇ ಸ್ಟಾರ್, ಅದೂ ಒಬ್ಬರಿಗೋಸ್ಕರ

ಶಿಸ್ತು ಕ್ರಮದಲ್ಲಿ ಕೆಲಸ ಕಳೆದುಕೊಂಡ ತಮ್ಮನನ್ನು ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ರೆಸ್ಯೂಮೆ ಚೆನ್ನಾಗಿಯೇ ಮಾಡಿಕೊಟ್ಟರು. ಆದರೆ ಆ ಕಂಪನಿ ಹೆಸರೇ ತೆಗೆದುಬಿಡಿ, ಬೇರೆ ಎಕ್ಸ್‌ಪೀರಿಯನ್ಸ್ ಲೆಟರ್ ನಾವೇ ಕೊಡುತ್ತೇವೆ, ಅದಕ್ಕೆ ದುಡ್ಡು ಬೇರೆ ಅಂದರು ನೋಡಿ, ಅಲ್ಲೇ ತಲೆ ಕೆಟ್ಟಿತು. ಪಿಎಫ್‌ನ ಯುಎಎನ್ (ಕಂಪನಿ ಬದಲಾದರೂ ಒಂದೇ ಇರುವ ಪಿಎಫ್ ನಂಬರ್) ಹಾಕಿ ನೋಡಿದರೆ ಹಳೇ ಕಂಪನಿ, ಸೇರಿದ ದಿನ, ಬಿಟ್ಟ ದಿನ ಎಲ್ಲಾ ಸರ್ವಿಸ್ ಹಿಸ್ಟರಿಯಲ್ಲಿ ಇರುತ್ತದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದರೆ ಹೊಸ ಕೆಲಸವೂ ಹೋಗುತ್ತದೆ ಅಲ್ವಾ?

ಅಲ್ಲಿದ್ದ ಒಬ್ಬ ಮೇಡಂ ಮಾತ್ರ ಸರಿಯಾಗಿ ಹೇಳಿದರು. ಇಂಟರ್ವ್ಯೂನಲ್ಲಿ ಹಳೇ ಕೆಲಸ ಯಾಕೆ ಹೋಯಿತು ಅಂತ ಕೇಳಿದಾಗ ಎರಡೇ ಮಾತಲ್ಲಿ ನಿಜ ಹೇಳಿ, ಹಳೇ ಬಾಸನ್ನು ಬೈಯಬೇಡಿ, ಅದಕ್ಕೂ ಹಿಂದಿನ ಕಂಪನಿಯ ಮ್ಯಾನೇಜರನ್ನು ಮೊದಲೇ ಕೇಳಿಕೊಂಡು ಅವರ ಹೆಸರನ್ನು ರೆಫರೆನ್ಸ್‌ಗೆ ಕೊಡಿ ಅಂತ. ಎರಡು ಸ್ಟಾರ್ ಅವರಿಗೇ. ಮುಂಗಡ ಕಟ್ಟಿದ ಫೀಸು ಇನ್ನೂ ವಾಪಸ್ ಬಂದಿಲ್ಲ.