ಬೂಟು ಬರುವ ತನಕ ತೂತು ಹೊಡೆಸಬೇಡಿ: ಮಾರ್ಕರ್ ಸ್ಕ್ವೈರ್ 11 ಜೊತೆ ನಾಲ್ಕು ಚಳಿಗಾಲ

ನಾನಿರುವುದು ಬಳ್ಳಾರಿಯಲ್ಲಿ. ವರ್ಷಕ್ಕೆ ಒಂದು ಸಲ, ಫೆಬ್ರವರಿಯಲ್ಲಿ, ಎಂಟು ಹತ್ತು ದಿನ ಗುಲ್ಮಾರ್ಗ್‌ಗೆ ಹೋಗುತ್ತೇನೆ. ಮಾರ್ಕರ್ ಕಂಪನಿಯ ಸ್ಕ್ವೈರ್ 11 ಅನ್ನುವ ಈ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿಸುವ ಸಾಧನ, ನನ್ನ ಜೊತೆ ನಾಲ್ಕು ಸಲ ಹೋಗಿ ಬಂದಿದೆ. ನಮ್ಮ ಕಡೆಯ ಹುಡುಗರು ಈಗ ಗುಲ್ಮಾರ್ಗ್, ಔಲಿಯಲ್ಲಿ ಸ್ಕೀ ಕಲಿತು ಬಂದು ‘ಸ್ವಂತ ಸೆಟ್ ತಗೊಳ್ಳೋಣ ಅಂತಿದ್ದೇನೆ, ಯಾವುದು ಒಳ್ಳೇದು?’ ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೂಟನ್ನು ಸ್ಕೀಗೆ ಗಟ್ಟಿಯಾಗಿ ಹಿಡಿಯುವುದು ಬೈಂಡಿಂಗ್‌ನ ಅರ್ಧ ಕೆಲಸ. ಬಿದ್ದಾಗ ಬಿಟ್ಟುಕೊಡುವುದು ಇನ್ನರ್ಧ. ಕಾಲು ತಿರುಚಿಕೊಂಡರೆ ಮುಂದಿನ ತುಂಡು ಪಕ್ಕಕ್ಕೆ ಬಿಡಬೇಕು. ಮುಗ್ಗರಿಸಿದರೆ ಹಿಮ್ಮಡಿಯ ತುಂಡು ಮೇಲಕ್ಕೆ ಬಿಡಬೇಕು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವುದಕ್ಕೆ ಡಿನ್ ಅಂತ ಒಂದು ಸಂಖ್ಯೆ ಇದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಜೋರಾಗಿ ಜಾರುತ್ತೀರಿ ಅನ್ನುವುದು, ಇಷ್ಟನ್ನೂ ಪಟ್ಟಿಯಲ್ಲಿ ನೋಡಿ ಅದನ್ನು ಇಡುತ್ತಾರೆ. 50 ವರ್ಷ ದಾಟಿದವರಿಗೆ ಒಂದು ಮೆಟ್ಟಿಲು ಕಡಿಮೆ.

72 ಕೆ.ಜಿ. ತೂಕದ ನನಗೆ 5 ಬಂತು. ಸ್ಕ್ವೈರ್‌ನಲ್ಲಿ 3ರಿಂದ 11ರವರೆಗೆ ಇಡಬಹುದು. ಅದೇ ಕಂಪನಿಯ ಗ್ರಿಫನ್‌ನಲ್ಲಿ 4ರಿಂದ 13. ದೊಡ್ಡ ಸಂಖ್ಯೆ ನೋಡಿ ಅದೇ ಒಳ್ಳೇದು ಅಂದುಕೊಳ್ಳುವವರು ಜಾಸ್ತಿ. ನಿಮ್ಮ ಸಂಖ್ಯೆ ಆ ಪಟ್ಟಿಯ ತೀರಾ ತುದಿಯಲ್ಲಿ ಬೀಳದಿದ್ದರೆ ಸಾಕು. 11ಕ್ಕೆ ಬಿಗಿ ಮಾಡುವ ಕೆಲಸ ನನಗೆ ಯಾವತ್ತೂ ಬರುವುದಿಲ್ಲ. ಬ್ರೇಕ್ (ಕಳಚಿದ ಸ್ಕೀ ಜಾರಿ ಹೋಗದಂತೆ ತಡೆಯುವ ಕಡ್ಡಿಗಳು) ಅಗಲ ಮಾತ್ರ ಸ್ಕೀ ನಡುವಿನ ಅಗಲ ನೋಡಿಯೇ ತಗೊಳ್ಳಿ. ನನ್ನ ಸ್ಕೀ 88 ಮಿ.ಮೀ., ಬ್ರೇಕ್ 90. ತುಂಬಾ ಅಗಲವಾದರೆ ತಿರುವಿನಲ್ಲಿ ಹಿಮಕ್ಕೆ ಉಜ್ಜುತ್ತದೆ.

ಇನ್ನು ಕೂರಿಸುವ ವಿಷಯ. ನನಗೆ ಏಟು ಬಿದ್ದದ್ದು ಇಲ್ಲೇ. 2021ರಲ್ಲಿ ಒಂದು ಅಂಗಡಿಯಲ್ಲಿ ಸ್ಕೀ, ಬೇರೆ ಒಂದು ಬೈಂಡಿಂಗ್ ಎರಡೂ ತಗೊಂಡೆ. ಸ್ವಂತ ಬೂಟು ಇನ್ನೂ ಇರಲಿಲ್ಲ. ‘ಶೂ ಸೈಜ್ ಹೇಳಿ ಸರ್, ಸಾಕು’ ಅಂದವರು ಅಂದಾಜಿನ ಮೇಲೆ ಅಲ್ಲೇ ತೂತು ಹೊಡೆದು ಕೂರಿಸಿಬಿಟ್ಟರು. ಆಮೇಲೆ ಬೂಟು ಕೊಂಡೆ. ಅದರ ಹಿಮ್ಮಡಿಯ ಪಕ್ಕದಲ್ಲಿ ಅಟ್ಟೆಯ ಉದ್ದ ಅಚ್ಚಾಗಿತ್ತು: 305 ಮಿ.ಮೀ. ಅವರು ಕೂರಿಸಿದ್ದು 330ಕ್ಕೆ. ಒಂದೇ ಸೈಜ್ ಆದರೂ ಕಂಪನಿಯಿಂದ ಕಂಪನಿಗೆ ಅಟ್ಟೆಯ ಉದ್ದ ಬೇರೆ ಇರುತ್ತದೆ, ಅದು ಆಗ ನನಗೆ ಗೊತ್ತಿರಲಿಲ್ಲ. ಹಿಮ್ಮಡಿಯ ತುಂಡನ್ನು ಮುಂದಕ್ಕೆ ಎಷ್ಟು ಸರಿಸಿದರೂ ಬೂಟಿಗೆ ಮುಟ್ಟಲಿಲ್ಲ. ಮುಟ್ಟಿದ್ದರೂ ತೊಂದರೆಯೇ. ಬೂಟಿನ ನಡುಗೆರೆ ಸ್ಕೀ ಮೇಲಿನ ಗೆರೆಗೆ ಕೂರುತ್ತಿರಲಿಲ್ಲ. ಹೊಸ ಸ್ಕೀ, ಒಂದು ದಿನವೂ ಜಾರಿಲ್ಲ, ಆಗಲೇ ಹಳೇ ತೂತು ಮುಚ್ಚಿ ಹೊಸದು ಹೊಡೆಸಬೇಕಾಯಿತು. ಅವತ್ತು ತುಂಬಾ ಬೇಜಾರಾಗಿತ್ತು.

ಆ ಬೈಂಡಿಂಗ್ ಮಾರಿ ಸ್ಕ್ವೈರ್ ತರಿಸಿದೆ. ಈ ಸಲ ಡಬ್ಬಿ ಒಡೆಯದೆ ಹಾಗೇ ಗುಲ್ಮಾರ್ಗ್‌ಗೆ ಒಯ್ದೆ, ಬೂಟಿನ ಸಮೇತ. ಅಲ್ಲಿನ ಮೆಕ್ಯಾನಿಕ್ ಕೆಲಸ ಮಾಡುವಾಗ ಒಂದೂವರೆ ಗಂಟೆ ಪಕ್ಕದಲ್ಲೇ ನಿಂತಿದ್ದೆ. ಮೊದಲು ಬೂಟು ಇಟ್ಟು ಗೆರೆಗೆ ಗೆರೆ ಹೊಂದಿಸಿದರು. ಹಳೇ ತೂತಿಗೆ ಪ್ಲಗ್ ಬಡಿದು, ಅದಕ್ಕಿಂತ ಒಂದು ಸೆಂ.ಮೀ. ಜಾಸ್ತಿಯೇ ದೂರ ಬಿಟ್ಟು ಡ್ರಿಲ್ ಇಟ್ಟರು. ಸ್ಕೀಗೆ ಹೊಡೆಯುವ ಡ್ರಿಲ್‌ಗೆ ತಡೆ ಇರುತ್ತದೆ, 9 ಮಿ.ಮೀ. ಆಳಕ್ಕೆ ನಿಲ್ಲುತ್ತದೆ. ಮನೆಯ ಡ್ರಿಲ್ ಹಿಡಿದು ಸುಮ್ನೆ ಪ್ರಯತ್ನ ಮಾಡಬೇಡಿ, ಅದು ಸ್ಕೀ ತಳದಿಂದ ಆಚೆ ಬರುತ್ತದೆ. ಪ್ರತಿ ತೂತಿಗೂ ಒಂದು ಹನಿ ಅಂಟು, ಆಮೇಲೆ ಸ್ಕ್ರೂ. ಅಂಟು ಇಲ್ಲದಿದ್ದರೆ ಹಿಮದ ನೀರು ಒಳಗಿನ ಮರಕ್ಕೆ ಇಳಿಯುತ್ತದೆ. ಕೊನೆಗೆ ಬೂಟಿನ ಮೂತಿಯ ಕೆಳಗೆ ಒಂದು ಕಾಗದದ ಚೂರು ಇಟ್ಟರು. ಅದು ಹರಿಯದೆ, ಸ್ವಲ್ಪ ಬಿಗಿಯಾಗಿ ಜಾರಿ ಬರುವ ತನಕ ಮುಂದಿನ ತುಂಡಿನ ಎತ್ತರದ ಸ್ಕ್ರೂ ತಿರುಗಿಸಿದರು. ಹಿಮ್ಮಡಿಯ ತುಂಡಿನ ಹಿಂದಿನ ಸ್ಕ್ರೂ ತಲೆ ಅದರ ಕವಚಕ್ಕೆ ಸಮವಾಗಿ ಕೂತಿದೆಯಾ ಅಂತ ಬೆರಳಿಂದ ಸವರಿ ನೋಡಿ, ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಈಗ ಪ್ರತಿ ವರ್ಷ ಮೊದಲ ದಿನ ನಾನೇ ಸವರಿ ನೋಡುತ್ತೇನೆ.

ನಾಲ್ಕು ಚಳಿಗಾಲದಲ್ಲಿ ಎರಡು ಸಲ ಜೋರಾಗಿ ಬಿದ್ದೆ. ಒಮ್ಮೆ ಮಧ್ಯಾಹ್ನದ ಒದ್ದೆ ಹಿಮದಲ್ಲಿ ಸ್ಕೀ ಮೂತಿ ಹೂತು ನಾನು ಮುಂದಕ್ಕೆ ಹಾರಿದೆ. ಟಕ್ ಅಂತ ಹಿಮ್ಮಡಿ ಬಿಟ್ಟಿತು. ಎದ್ದು ಹಿಮ ಕೊಡವಿಕೊಂಡು ಮತ್ತೆ ಹಾಕಿಕೊಂಡೆ. ಬೇಡದ ಹೊತ್ತಿಗೆ ಒಮ್ಮೆಯೂ ಬಿಟ್ಟಿಲ್ಲ. ಹಾಗಂತ ಮಂಡಿಗೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಇಂಥ ಬೈಂಡಿಂಗ್‌ಗಳು ಮೊಣಕಾಲ ಕೆಳಗಿನ ಎಲುಬನ್ನು ಕಾಯುವಷ್ಟು ಮಂಡಿಯ ಒಳಗಿನ ಕಟ್ಟನ್ನು (ಲಿಗಮೆಂಟ್) ಕಾಯುವುದಿಲ್ಲ.

ಉಳಿದ ಹನ್ನೊಂದು ತಿಂಗಳು ಅದು ನಮ್ಮ ಬಿಸಿಲು, ನಮ್ಮ ಧೂಳಿನಲ್ಲೇ ಇರಬೇಕಲ್ವಾ? ಅದಿರು ಲಾರಿಗಳ ಕೆಂಪು ಧೂಳು ಕಿಟಕಿ ಮುಚ್ಚಿದರೂ ಬರುತ್ತದೆ. ಗ್ರೀಸ್ ಇರುವ ಜಾಗಕ್ಕೆ ಅದು ಕೂತರೆ ಕಷ್ಟ. ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಅಣ್ಣನ ಹತ್ತಿರ ದಪ್ಪ ಡೆನಿಮ್‌ನಲ್ಲಿ ಉದ್ದ ಚೀಲ ಹೊಲಿಸಿದೆ. ‘ಇದೇನ್ ಸರ್, ಇಷ್ಟುದ್ದ?’ ಅಂದವರು ಹೊಲಿಗೆ ಮಾತ್ರ ಎರಡೆರಡು ಸಾಲು ಹಾಕಿ ಕೊಟ್ಟರು. ಒರೆಸುವುದು ಒದ್ದೆ ಬಟ್ಟೆಯಿಂದ ಮಾತ್ರ. ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸುವುದಿಲ್ಲ, ಜೋರು ನೀರು ಬಿಡುವುದಿಲ್ಲ, ಗ್ರೀಸ್ ತೊಳೆದು ಹೋಗುತ್ತದೆ. ಹಿಮ್ಮಡಿಯ ತುಂಡನ್ನು, ಬೂಟು ಹಿಡಿದಿರುವಾಗ ಇರುವ ಹಾಗೆ, ಮುಚ್ಚಿಯೇ ಇಡುತ್ತೇನೆ.

ಈಗ ನಮ್ಮ ಅಕ್ಕನ ಮಗನೂ ಇದೇ ತರಿಸಿದ್ದಾನೆ. ಡಬ್ಬಿ ನಮ್ಮ ಬೀರು ಮೇಲಿದೆ. ಅವನ ಬೂಟು ಡಿಸೆಂಬರ್‌ಗೆ ಬರುತ್ತದೆ.